ಕೆಂಪು ಬಳಿದ ಹಳದಿ ತೋಟೆ

ಮುಖ ನೋಡಿ ಗಂಡಸರ ಗುಣ ಹೇಳುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಪೆನಾ ಬೆನ್ನು ನೋಡಿ ಹೇಳುತ್ತಿದ್ದಳು. ಇಪ್ಪತ್ತೊಂಬತ್ತು ವರ್ಷ ಅವಳು ನೋಡಿದ್ದೇ ಬೆನ್ನುಗಳನ್ನು. ಊರಾಚೆಯ ಕೋವಿ ಮೈದಾನದಲ್ಲಿ, ಈಡು ಹೊಡೆಯುವವರ ಹಿಂದೆ, ತಗಡಿನ ಮಾಡಿನ ಕೆಳಗೆ ಅವಳದೊಂದು ಕುರ್ಚಿ, ಕೈಯಲ್ಲಿ ತಂತಿ ಕಟ್ಟಿದ ಒಂದು ಸ್ವಿಚ್ಚು. ಮುಂದೆ ನಿಂತವನು "ಬಿಡು" ಎಂದು ಕೂಗಿದ ಕೂಡಲೇ ಅವಳು ಅದನ್ನು ಒತ್ತಬೇಕು, ಹಳ್ಳದಲ್ಲಿರುವ ಯಂತ್ರ ಮಣ್ಣಿನ ತಟ್ಟೆಯೊಂದನ್ನು ಆಕಾಶಕ್ಕೆ ಎಸೆಯಬೇಕು, ಅವನು ಅದನ್ನು ಹೊಡೆದು ಪುಡಿ ಮಾಡಬೇಕು. ಮೊದಲಿನ ಎರಡು ಕೆಲಸ ಯಾವತ್ತೂ ತಪ್ಪಿದ್ದಿಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಊರಿನ ಶಿಕಾರಿ ಸಂಘದ ಇಪ್ಪತ್ಮೂರು ಗಂಡಸರಿಗೆ ನೆಲವೊಂದೇ ಅಲ್ಲ, ಬಿಸಿಲೂ ಡೊಂಕು, ಗಾಳಿಯೂ ಡೊಂಕು, ಕಾರ್ಖಾನೆಯವರು ತಟ್ಟೆ ಮಾಡಿದ ಮಣ್ಣೂ ಡೊಂಕು. ಏನೂ ಸಿಗದಿದ್ದರೆ ಪೆನಾಳ ಹೆಬ್ಬೆರಳು ಇದ್ದೇ ಇತ್ತು. ತಡವಾಗಿ ಒತ್ತಿದೆ ಪೆನಕ್ಕ, ಬೇಗ ಒತ್ತಿದೆ ಪೆನಕ್ಕ ಎಂದು ಗೊಣಗಿಕೊಂಡು ಹೋಗುತ್ತಿದ್ದರು. ಇಪ್ಪತ್ಮೂರರಲ್ಲಿ ಹತ್ತೊಂಬತ್ತು ಜನ ಟ್ರಿಗರ್ ಎಳೆಯುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚುತ್ತಾರೆ ಎಂಬುದು ಅವಳಿಗೆ ಬೆನ್ನಿನಿಂದಲೇ ತಿಳಿಯುತ್ತಿತ್ತು. ಬಲಗಡೆಯ ಹೆಗಲೆಲುಬು ಮೇಲೇಳುತ್ತದೆ, ಕುತ್ತಿಗೆ ಒಳಗೆ ಸೇರುತ್ತದೆ, ಅದೇ ಕ್ಷಣಕ್ಕೆ ನಳಿಗೆಯ ಮೂತಿ ಕೆಳಕ್ಕೆ ಬಾಗುತ್ತದೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೆ ಹಾಲಾದರೂ ಸಿಗುತ್ತದೆ, ಇವರಿಗೆ ಅದೂ ಇಲ್ಲ ಎಂದು ಅವಳು ಒಳಗೊಳಗೇ ನಗುತ್ತಿದ್ದಳು.

ಇದಕ್ಕೆಲ್ಲ ಮೂಲ ಹೇಸರಗತ್ತೆ. ಸಂಘದ ಕೋಣೆಯ ಗೋಡೆಯ ಮೊಳೆಗೆ ನೇತುಹಾಕಿದ್ದ ಒಂಟಿನಳಿಗೆಯ ಹಳೆಯ ಕೋವಿಗೆ ಅವರು ಇಟ್ಟ ಹೆಸರು ಅದು. ತೂಕ ಎರಡು ಕಿಲೋ ಚಿಲ್ಲರೆ, ಬುಡದಲ್ಲಿ ರಬ್ಬರಿಲ್ಲ, ಬರೀ ಕಬ್ಬಿಣದ ಪಟ್ಟಿ. ಸಂಘಕ್ಕೆ ಹೊಸದಾಗಿ ಬಂದ ಯಾರೇ ಆಗಲಿ, ಮೊದಲ ಇಪ್ಪತ್ತೈದು ಈಡನ್ನು ಅದರಲ್ಲೇ ಹೊಡೆಯಬೇಕು, ಅದೂ ಇದ್ದುದರಲ್ಲೇ ಹೆಚ್ಚು ಮದ್ದು ತುಂಬಿದ ಬಲವಾದ ತೋಟೆ ಹಾಕಿ. ಹೆಗಲಿಗೆ ಯಜಮಾನ ಯಾರೆಂದು ಗೊತ್ತಾಗಬೇಕು ಎನ್ನುವುದು ಸಂಘದ ಅಧ್ಯಕ್ಷ ರುಸ್ಕೋನ ತತ್ವ. ರುಸ್ಕೋ ಎತ್ತಿನಂಥ ಮನುಷ್ಯ, ಅರುವತ್ತನಾಲ್ಕು ವರ್ಷ, ಕಟ್ಟಿಗೆ ಡಿಪೋ ಇಟ್ಟವನು, ತೋಳು ಬೇರೆಯವರ ತೊಡೆಯಷ್ಟು. ಹೇಸರಗತ್ತೆಯಿಂದ ಒದೆಸಿಕೊಂಡ ಹೊಸಬರು ಸಂಜೆ ಸಂಘದ ಕೋಣೆಯಲ್ಲಿ ಅಂಗಿ ಬಿಚ್ಚಿ ನೀಲಿಗಟ್ಟಿದ ಹೆಗಲು ತೋರಿಸಬೇಕು, ಉಳಿದವರು ಅದರ ಮೇಲೆ ರಾಕಿಯಾ ಸಾರಾಯಿ ಚಿಮುಕಿಸಿ ಭೇಷ್ ಅನ್ನಬೇಕು. ಹೀಗೆ ಒಬ್ಬೊಬ್ಬರಿಗೂ ಮೊದಲ ದಿನವೇ ಕೋವಿಯ ಭಯ ಕಲಿಸಿ, ಆಮೇಲೆ ಮೂವತ್ತು ವರ್ಷ ಗುರಿ ಯಾಕೆ ತಪ್ಪುತ್ತದೆ ಎಂದು ತಲೆ ಕೆಡಿಸಿಕೊಳ್ಳುವ ಜಾಣರ ಸಂಘ ಅದು. ಅಂಚೆಯವನಾದ ಸ್ತಾಮೆನ್ ಒಬ್ಬನಿಗೆ ಮಾತ್ರ ಬುದ್ಧಿ ಇತ್ತು. ಆರನೆಯ ಈಡಿಗೆ ಕೋವಿಯನ್ನು ಹುಲ್ಲಿನ ಮೇಲೆ ಮಲಗಿಸಿ, ಮೀನು ಹಿಡಿಯಲು ಹೋದವನು ಮತ್ತೆ ಬರಲಿಲ್ಲ.

ಈ ಜಾಣರಲ್ಲಿ ಪೆನಾಳ ಗಂಡ ಕಾಲ್ಚೋ ಕೂಡ ಒಬ್ಬ. ಎಪ್ಪತ್ತೊಂದು ವರ್ಷ. ಬುಲ್ಡೋಜರ್ ಓಡಿಸಿ ನಿವೃತ್ತನಾದವನು. ಹಂದಿ ಬೇಟೆಯಲ್ಲಿ ಅವನ ಬಿಲ್ಲು ಗುಡ್ಡದ ಕಾಡು ಪೇರುಮರದ ಕೆಳಗೆ. ಬಿಲ್ಲೆಂದರೆ, ಸೋವಿನವರು ನಾಯಿ ಬಿಟ್ಟು ಎಬ್ಬಿಸಿದ ಹಂದಿ ಬರುವ ದಾರಿಯಲ್ಲಿ ಕೋವಿ ಹಿಡಿದು ನಿಲ್ಲುವ ಜಾಗ. ಮೂವತ್ತೆರಡು ವರ್ಷದಿಂದ ಆ ಮರ ಅವನದೇ. ಮದುವೆಯ ದಿನ ಮರೆತಿದ್ದಾನೆ, ಮಗಳು ಜೋರ್ಕಾ ಹುಟ್ಟಿದ ದಿನ ಮರೆತಿದ್ದಾನೆ, ಪೇರುಮರದ ಕೆಳಗೆ ಯಾವ ವರ್ಷ ಎಷ್ಟು ತೂಕದ ಹಂದಿ ಬಿತ್ತು ಎಂಬುದನ್ನು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾನೆ.

ಕಳೆದ ಮಾರ್ಚಿನಲ್ಲಿ ಚೆರ್ರಿ ಮರ ಸವರಲು ಏಣಿ ಹತ್ತಿ, ಪೆನಾ ಬೇಡ ಬೇಡ ಎನ್ನುತ್ತಿದ್ದಂತೆಯೇ ಬಿದ್ದು, ಬಲಗಡೆಯ ಕೊರಳೆಲುಬು ಮುರಿದುಕೊಂಡ. ಆಸ್ಪತ್ರೆಯಲ್ಲಿ ಲೋಹದ ಪಟ್ಟಿ ಕೂರಿಸಿ ಕಳಿಸಿದರು. ಇನ್ನು ಕೋವಿ ಮುಟ್ಟಬೇಡ, ಮುಟ್ಟಲೇಬೇಕಾದರೆ ಒದೆಯದ ಕೋವಿ ಹುಡುಕಿಕೋ ಎಂದ ವೈದ್ಯ. ಕಾಲ್ಚೋ ಅದರಲ್ಲಿ ಕೊನೆಯ ಮೂರು ಪದ ಮಾತ್ರ ಕೇಳಿಸಿಕೊಂಡ. ಸಂಘದ ನಿಯಮ ಕಟ್ಟುನಿಟ್ಟು: ಪ್ರತಿ ಸೆಪ್ಟೆಂಬರಿನಲ್ಲಿ ಹತ್ತು ತಟ್ಟೆಗೆ ಐದನ್ನಾದರೂ ಒಡೆಯಬೇಕು. ಒಡೆಯದವನ ಬಿಲ್ಲು ಬೇರೆಯವನಿಗೆ. ವಯಸ್ಸಾದವನಾದರೆ ಸೋವಿಗೂ ಕಳಿಸುವುದಿಲ್ಲ, ಬೇಟೆಯ ದಿನದ ಸಾರಿನ ಹಂಡೆಯ ಮುಂದೆ ಸೌಟು ಹಿಡಿದು ನಿಲ್ಲಿಸುತ್ತಾರೆ. ಹಾಗೆ ನಿಂತ ಮುದುಕರಿಗೆ "ಸೌಟಿನ ಶೂರರು" ಎಂದು ಹೆಸರಿಟ್ಟು ಹತ್ತು ವರ್ಷ ಊರನ್ನೇ ನಗಿಸಿದವನು ಯಾರು? ಇದೇ ಕಾಲ್ಚೋ. ಈಗ ಆ ಸೌಟು ತನ್ನ ಕೈಗೇ ಬರುವ ಹಾಗಿದೆ ಎಂದು ಗೊತ್ತಾದ ಮೇಲೆ ಅವನಿಗೆ ಊಟ ಸೇರದಾಯಿತು.

ಸೇರದ ಊಟದ ಜೊತೆಗೆ ಅವನ ತಲೆಗೆ ಒಂದು ಯೋಚನೆ ಬಂತು. ವಯಸ್ಸಾದವನಿಗೆ ಹಗುರ ಕೋವಿ ಬೇಕು, ಅಷ್ಟೇ. ರುಸ್ಕೋ ಕೂಡ ತಲೆದೂಗಿ ಹೌದೆಂದ. ಎರಡು ಖಾಲಿ ಕೊಡ ಒಂದಕ್ಕೊಂದು ತಾಗಿದರೆ ಸದ್ದೇನು ಕಡಿಮೆ? ಪೇಟೆಯ ಕೋವಿ ಅಂಗಡಿಯ ಮ್ಲಾದೆನ್ ಎನ್ನುವ ನಯವಾದ ಗಡ್ಡದ ವ್ಯಾಪಾರಿಗೆ ಇಂಥ ಮುದುಕರೆಂದರೆ ಹಬ್ಬ. ಹೂವಿನ ಹಾಗಿದೆ, ಒಂದೇ ಕೈಯಲ್ಲಿ ಎತ್ತಬಹುದು ಎಂದು ತೆಳು ಜೋಡುನಳಿಗೆಯೊಂದನ್ನು ಆಗಲೇ ತೆಗೆದಿಟ್ಟಿದ್ದ.

ಪೆನಾ ಜೊತೆಗೆ ಹೋದಳು. ಹೋಗುವಾಗ ಆಲೂಗೆಡ್ಡೆ ಚೀಲ ತೂಗುವ ಕೊಕ್ಕೆಯ ತಕ್ಕಡಿಯನ್ನೂ, ಹೊಲಿಗೆಯ ಟೇಪನ್ನೂ ಚೀಲದಲ್ಲಿ ಹಾಕಿಕೊಂಡಳು. ಮೈದಾನದ ಕೆಲಸಕ್ಕೆ ಬರುವ ಮೊದಲು ಅವಳು ಸಮವಸ್ತ್ರದ ಕಾರ್ಖಾನೆಯಲ್ಲಿ ಹದಿನೈದು ವರ್ಷ ಕೋಟು ಹೊಲಿದವಳು. ಅಂಗಡಿಯಲ್ಲಿ ಬಾಗಿಲಿನ ಹಿಡಿಗೆ ತಕ್ಕಡಿ ಸಿಕ್ಕಿಸಿ, ಒಂದೊಂದೇ ಕೋವಿಯನ್ನು ಕುರಿಮರಿ ತೂಗುವ ಹಾಗೆ ತೂಗತೊಡಗಿದಳು. ಮ್ಲಾದೆನ್ ಕಿಸಕ್ಕನೆ ನಕ್ಕ. ಕಾಲ್ಚೋ ನಾಚಿಕೆಯಿಂದ ಕಿಟಕಿಯ ಆಚೆ ನೋಡಿದ.

"ಪೆನಕ್ಕ, ತೂಕ ಬರ್ದಿದೆಯಲ್ಲ ಚೀಟಿಲಿ," ಎಂದ ಮ್ಲಾದೆನ್.

"ಚೀಟಿ ನೀನು ಬರ್ದಿರೋದು. ತಕ್ಕಡಿ ನಂದು," ಎಂದಳು ಪೆನಾ.

ಹೂವಿನ ಹಾಗಿದ್ದ ಕೋವಿಯನ್ನು ಅವಳು ಎರಡೇ ಬೆರಳಿನಲ್ಲಿ ಹಿಂದಕ್ಕೆ ಕೊಟ್ಟಳು. ತೋಟೆಯ ಒದೆತ ಎಲ್ಲಿಗೂ ಓಡಿಹೋಗುವುದಿಲ್ಲ, ಅದನ್ನು ಕೋವಿಯೂ ಹೆಗಲೂ ಹಂಚಿಕೊಂಡು ತಿನ್ನಬೇಕು, ಕೋವಿ ಬಡಕಲಾದಷ್ಟೂ ಹೆಗಲಿನ ಪಾಲು ಜಾಸ್ತಿ. ಹೇಸರಗತ್ತೆ ಅಷ್ಟು ಒದೆಯುವುದು ಸೊಕ್ಕಿನಿಂದಲ್ಲ, ತೂಕವಿಲ್ಲದ್ದರಿಂದ. ಇಪ್ಪತ್ತೊಂಬತ್ತು ವರ್ಷದಲ್ಲಿ ಇಷ್ಟು ತಿಳಿಯಲು ಕಣ್ಣಿದ್ದರೆ ಸಾಕಾಗಿತ್ತು. ಉಳಿದದ್ದನ್ನು ಅವಳು, ಪಂದ್ಯಕ್ಕೆಂದು ಬೇರೆ ಊರಿನಿಂದ ಬಂದಿದ್ದ ಎಪ್ಪತ್ತು ದಾಟಿದ ಹಲ್ಲಿನ ವೈದ್ಯರೊಬ್ಬರಿಂದ ಕೇಳಿ ತಿಳಿದಿದ್ದಳು. ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು ತಟ್ಟೆ ಒಡೆದ ಆ ಮುದುಕರ ಬೆನ್ನು ಒಂದು ಸಲವೂ ಮಿಸುಕಲಿಲ್ಲ. ಅವರ ಹರಿದ ತೋಟೆಚೀಲ ಹೊಲಿದುಕೊಟ್ಟು, ಕೂಲಿಯ ಬದಲು ಪಾಠ ತೆಗೆದುಕೊಂಡಿದ್ದಳು.

ಅವಳು ಆರಿಸಿದ್ದು, ಸುಟ್ಟ ಮದ್ದಿನ ಗಾಳಿಯನ್ನೇ ಒಂದಿಷ್ಟು ಕದ್ದು ಮುಂದಿನ ತೋಟೆಯನ್ನು ತಾನೇ ತುಂಬಿಕೊಳ್ಳುವ ಕೋವಿ. ಅದು ಒದೆತವನ್ನು ಹಂಚಿ ಹಂಚಿ ಕೊಡುತ್ತದೆ, ಗುದ್ದಿದ ಹಾಗಿರುವುದಿಲ್ಲ, ನೂಕಿದ ಹಾಗಿರುತ್ತದೆ. ರುಸ್ಕೋ ಇಂಥವಕ್ಕೆ ಹೊಲಿಗೆಯಂತ್ರ ಎಂದು ಹೆಸರಿಟ್ಟಿದ್ದ. ಹೊಲಿಗೆಯಂತ್ರವೆಂದರೆ ಪೆನಾಳಿಗೆ ಅವಮಾನವೇನಲ್ಲ. ಅದೇ ತಯಾರಿಯಲ್ಲಿ ಎರಡು ಕೋವಿ ಇದ್ದವು. ಒಂದು ಊರಿನವರೆಲ್ಲ ಹಿಡಿಯುವ ಹನ್ನೆರಡರದ್ದು, ಅಗಲ ಬಾಯಿಯದು, ಮೂರೂವರೆ ಕಿಲೋ. ಮುರಿದ ಎಲುಬಿನ ಕಾಲ್ಚೋ ಅದನ್ನು ಹತ್ತು ಎಣಿಸುವಷ್ಟು ಹೊತ್ತೂ ಎತ್ತಿ ಹಿಡಿಯಲಾರ. ಇನ್ನೊಂದು ಇಪ್ಪತ್ತರದ್ದು, ಕೋವಿಯ ಲೆಕ್ಕದಲ್ಲಿ ಅಂಕಿ ಹೆಚ್ಚಿದಷ್ಟೂ ಬಾಯಿ ಕಿರಿದು, ತೋಟೆಯೂ ಸಣ್ಣದು, ತೂಕ ಮೂರರ ಹತ್ತಿರ. ಅದನ್ನೇ ತೆಗೆಸಿದಳು. ಮೊಣಕೈ ಮಡಿಕೆಯಿಂದ ತೋರುಬೆರಳಿನವರೆಗೆ ಅಳತೆ ತೆಗೆದು, ಬುಡ ಎರಡು ಬೆರಳು ಉದ್ದವಾಯಿತೆಂದು ಬಡಗಿಯಿಂದ ಕೊಯ್ಯಿಸಿ, ದಪ್ಪ ರಬ್ಬರಿನ ಮೆತ್ತೆ ಹಾಕಿಸಿದಳು. ಬುಡದ ಪೊಳ್ಳಿನಲ್ಲಿ ಹಳೆಯ ಸೀಸದ ಚರೆ ತುಂಬಿದ ಪುಟ್ಟ ಚೀಲ ಹೊಲಿದು ಕೂರಿಸಿದಳು. ತೋಟೆಗಳಲ್ಲೂ ಹಗುರವಾದದ್ದನ್ನೇ ತಂದಳು. ಹಂದಿಗೆ ವರ್ಷವೆಲ್ಲ ಸೇರಿ ಮೂರೋ ನಾಲ್ಕೋ ಗುಂಡು, ಹೆಗಲು ಹಾಳಾಗುವುದು ಅಭ್ಯಾಸದಲ್ಲಿ ಎಂದು ಅವಳ ಲೆಕ್ಕ.

ಆಗಸ್ಟಿನಲ್ಲಿ, ಮೈದಾನದಲ್ಲಿ ಯಾರೂ ಇಲ್ಲದ ಮಂಗಳವಾರದ ಬೆಳಿಗ್ಗೆಗಳಲ್ಲಿ, ಗಂಡ ಹೆಂಡತಿ ಇಬ್ಬರೇ ಹೋಗುತ್ತಿದ್ದರು. ಮೊದಲ ಈಡಿಗೆ ಕಾಲ್ಚೋ ಹಲ್ಲು ಕಚ್ಚಿ ನಿಂತ, ಹೊಡೆದ, ಆಮೇಲೆ ತಿರುಗಿ ಕೋವಿ ಹಾರಿತೋ ಇಲ್ಲವೋ ಎನ್ನುವ ಹಾಗೆ ನೋಡಿದ. ನಾಲ್ಕನೆಯ ಮಂಗಳವಾರ ಹತ್ತಕ್ಕೆ ಏಳು ಒಡೆದ. ಮನೆಗೆ ಬರುವಾಗ ದಾರಿಯುದ್ದಕ್ಕೂ ಸಿಳ್ಳೆ ಹಾಕಿದ. ನಲವತ್ತನಾಲ್ಕು ವರ್ಷದ ಸಂಸಾರದಲ್ಲಿ ಪೆನಾಳಿಗೆ ಅವನ ಮೇಲೆ ಹೆಮ್ಮೆಯಾದ ದಿನಗಳು ಕಡಿಮೆ, ಅದು ಅಂಥದೊಂದು ದಿನ.

ಹೆಮ್ಮೆಗೆ ಆಯಸ್ಸು ಇಷ್ಟೇ. ಹನ್ನೆರಡರ ತೋಟೆಯ ಮೈ ಕೆಂಪು, ಇಪ್ಪತ್ತರ ತೋಟೆಯ ಮೈ ಹಳದಿ. ಒಂದು ಇನ್ನೊಂದರೊಳಗೆ ಸೇರಬಾರದೆಂದು ತಯಾರಿಸುವವರು ಬೇಕೆಂದೇ ಇಟ್ಟ ಬಣ್ಣ ಅದು. ಈ ಸಂಘದಲ್ಲಿ ಮಾತ್ರ ಅದಕ್ಕೆ ಬೇರೆ ಅರ್ಥ: ಹಳದಿ ಹೆಂಗಸರಿಗೆ, ಹಳದಿ ಹಾಲುಹಲ್ಲಿನವರಿಗೆ. ಹಿಂದೊಮ್ಮೆ ಬೇರೆ ಊರಿನ ಅತಿಥಿಯೊಬ್ಬ ಹಳದಿ ತೋಟೆ ತೆಗೆದಾಗ, ಮರಿಕೋಳಿಗೆ ಇದೇ ಬಣ್ಣ ಅಲ್ಲವೇ ಎಂದು ಕೇಳಿ ಎಲ್ಲರನ್ನೂ ನಗಿಸಿದ್ದ ರುಸ್ಕೋ. ಎಲ್ಲರಿಗಿಂತ ಜೋರಾಗಿ ನಕ್ಕವನು ಕಾಲ್ಚೋ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕಲ್ಲ! ಹೆಗಲು ಉಳಿಯಿತು, ಬಿಲ್ಲು ಉಳಿಯುವ ಹಾಗಾಯಿತು, ಅಷ್ಟು ಸಾಲದೆ ಮರ್ಯಾದೆಯ ಬಣ್ಣವೂ ಬೇಕಾಯಿತು ಅವನಿಗೆ.

ಅಡುಗೆಮನೆಯ ಕಪಾಟಿನಲ್ಲಿ ಈಸ್ಟರ್ ಹಬ್ಬದ ಮೊಟ್ಟೆಗೆ ಹಾಕುವ ಕೆಂಪು ಬಣ್ಣದ ಪೊಟ್ಟಣ ಉಳಿದಿತ್ತು. ಪೆನಾ ಇಲ್ಲದ ಹೊತ್ತು ನೋಡಿ, ವಿನಿಗರಿನಲ್ಲಿ ಅದನ್ನು ಕದಡಿ ತೋಟೆಗಳಿಗೆ ಉಜ್ಜಿದ. ತೋಟೆ ಮೊಟ್ಟೆಯೇ? ಪ್ಲಾಸ್ಟಿಕ್ಕಿಗೆ ಬಣ್ಣ ಹತ್ತಲಿಲ್ಲ, ಅವನ ಬಲಗೈಯ ಐದು ಬೆರಳಿಗೂ ಚೆನ್ನಾಗಿ ಹತ್ತಿತು. ಆಮೇಲೆ ಜೋರ್ಕಾ ಬಿಟ್ಟುಹೋಗಿದ್ದ ಉಗುರುಬಣ್ಣದ ಶೀಶೆ ಹುಡುಕಿ ತೆಗೆದು, ಬುಲ್ಡೋಜರ್ ಹಿಡಿದ ಆ ಕೈಯಿಂದ, ನಾಲಿಗೆ ಹೊರಗೆ ಹಾಕಿಕೊಂಡು, ಹನ್ನೆರಡು ತೋಟೆಗೆ ಎರಡೆರಡು ಕೋಟು ಬಳಿದ.

ಬೆರಳು ಕೆಂಪಗಿರುವುದನ್ನು ಪೆನಾ ಕಂಡಳು. ಆದರೆ ಸೆಪ್ಟೆಂಬರ್ ಅದು; ಅಂಗಳ ಅಂಗಳದಲ್ಲೂ ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟು ಸಿಪ್ಪೆ ಸುಲಿಯುವ ಕಾಲ. ಮೆಣಸಿನಕಾಯಿ ಸುಲಿದೆ ಎಂದ ಕಾಲ್ಚೋ. ಮೂರು ದಿನ ಮೆಣಸಿನಕಾಯಿ ಸುಲಿದು ಸೊಂಟ ಬಿದ್ದುಹೋಗಿದ್ದವಳು ಅವಳು, ಅವನು ಒಂದೂ ಮುಟ್ಟಿರಲಿಲ್ಲ. ಆದರೂ ಆಯಾಸದಲ್ಲಿ ಅಷ್ಟಕ್ಕೇ ಬಿಟ್ಟಳು. ಪರೀಕ್ಷೆಯ ಬೆಳಿಗ್ಗೆ ಅವಳು ಹೇಳಿದ್ದು ಬೇರೆ ಮಾತು. ಟೋಪಿ ಬಂದಾಗ ನನ್ನದು ಇಪ್ಪತ್ತರದ್ದು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳು, ತೋಟೆ ಹಾಕಬೇಡ ಎಂದು ಎರಡು ಸಲ ಹೇಳಿದಳು. ಎರಡು ಸಲವೂ ಅವನು ತಲೆಯಾಡಿಸಿದ. ಗೋಡೆಗೆ ಹೇಳಿದ್ದರೆ ತಲೆಯಾದರೂ ಆಡಿಸುತ್ತಿರಲಿಲ್ಲ.

ಟೋಪಿಯದು ಸಂಘದ ಹಳೆಯ ಪದ್ಧತಿ. ಪರೀಕ್ಷೆಯ ದಿನ ಮೊದಲ ಈಡು ತೀರಿಹೋದ ಶಿಕಾರಿಗಳಿಗೆ. ಅಧ್ಯಕ್ಷನ ತುಪ್ಪಳದ ಟೋಪಿಯಲ್ಲಿ ಒಬ್ಬೊಬ್ಬನೂ ತನ್ನ ಒಂದು ತೋಟೆ ಹಾಕುತ್ತಾನೆ, ಕಲಸಿ, ಒಬ್ಬೊಬ್ಬನೂ ಒಂದು ತೆಗೆದುಕೊಳ್ಳುತ್ತಾನೆ. ಯಾರ ತೋಟೆ ಯಾರಿಗೆ ಬಂತೆಂದು ನೋಡಬಾರದು, ನೋಡಿದರೆ ಸತ್ತವರಿಗೆ ಅಗೌರವ. ಹಾಗಾಗಿ ಮುಖವನ್ನು ಸ್ಮಶಾನದ ದಿಕ್ಕಿಗೆ ತಿರುಗಿಸಿಕೊಂಡು, ಕೈ ತಡವಿಯೇ ಕೋವಿಗೆ ತುಂಬಿ, ಹಿರಿತನದ ಸಾಲಿನಲ್ಲಿ ಒಬ್ಬರಾದ ಮೇಲೊಬ್ಬರು ಆಕಾಶಕ್ಕೆ ಹೊಡೆಯುತ್ತಾರೆ. ಮೊದಲು ಅಧ್ಯಕ್ಷ.

ಟೋಪಿ ಕಾಲ್ಚೋನ ಮುಂದೆ ಬಂತು. ಪೆನಾ ತನ್ನ ಕುರ್ಚಿಯಲ್ಲಿದ್ದಳು, ಹನ್ನೆರಡು ಹೆಜ್ಜೆ ಹಿಂದೆ. ಗಂಡನ ಬೆನ್ನು ಬಾಗಿದ್ದು ಕಂಡಿತು, ಏನು ಹೇಳಿದನೋ ಕೇಳಿಸಲಿಲ್ಲ. ಹೇಳಿರುತ್ತಾನೆ ಎಂದುಕೊಂಡಳು. ಅವನು ಹೇಳಿರಲಿಲ್ಲ. ಟೋಪಿಯಿಂದ ಬಂದ ಹನ್ನೆರಡರ ತೋಟೆಯನ್ನು ಮುಷ್ಟಿಯಲ್ಲಿ ಮರೆಸಿ ತನ್ನದನ್ನೇ ತುಂಬಿಕೊಂಡರಾಯಿತು ಎಂದು ಅವನ ಯೋಚನೆ. ಅಲ್ಲಿಯವರೆಗೆ ಯೋಚಿಸಿದ್ದ ಮಹಾನುಭಾವ. ತಾನು ಟೋಪಿಗೆ ಹಾಕಿದ್ದು ಯಾರ ಕೋವಿಗೆ ಹೋಗುತ್ತದೆ ಎಂದು ಯೋಚಿಸಲಿಲ್ಲ.

ರುಸ್ಕೋ ಎದೆ ಉಬ್ಬಿಸಿ ನಿಂತ, ಸ್ಮಶಾನದ ಕಡೆ ಮುಖ ಮಾಡಿ ತನ್ನ ಜೋಡುನಳಿಗೆಗೆ ತೋಟೆ ತುಂಬಿ ಮುಚ್ಚಿದ, ಎತ್ತಿದ, ಟ್ರಿಗರ್ ಎಳೆದ. ಟಿಕ್ ಅಂತು, ಅಷ್ಟೆ. ಈಡು ಹಾರಲಿಲ್ಲ. ಆದರೆ ಹಾರಿದ್ದರೆ ಹೊಗೆಯಲ್ಲಿ, ಸದ್ದಿನಲ್ಲಿ ಮುಚ್ಚಿಹೋಗುತ್ತಿದ್ದದ್ದೆಲ್ಲ ಆಗ ಹಗಲಿನಲ್ಲಿ ಹಾಗೇ ಉಳಿಯಿತು: ಬಿಗಿಯಾಗಿ ಮುಚ್ಚಿದ ಕಣ್ಣು, ಒಳಗೆ ಸೇರಿದ ಕುತ್ತಿಗೆ, ಎರಡು ಗೇಣು ತಗ್ಗಿದ ನಳಿಗೆ. ಹೆಗಲಿಗೆ ಯಜಮಾನ ಯಾರೆಂದು ಊರಿಗೆಲ್ಲ ಪಾಠ ಹೇಳಿದ ಗಂಡುಗಲಿ ಒದೆಯದ ಕೋವಿಗೂ ಬೆಚ್ಚಿ ನಿಂತಿದ್ದ. ಆಮೇಲೆ ಯಾರೋ ಮೂಗಿನಲ್ಲಿ ಪುಸಕ್ಕೆಂದರು, ಮರುಕ್ಷಣ ಇಪ್ಪತ್ತೆರಡು ಜನ ಹೊಟ್ಟೆ ಹಿಡಿದು ನಗತೊಡಗಿದರು.

ಕಾಲ್ಚೋ ಕೂಡ ನಗುತ್ತಿದ್ದ.

ಪೆನಾಳಿಗೆ ನಗು ಬರಲಿಲ್ಲ. ರುಸ್ಕೋ ಮುಖ ಕಪ್ಪಿಟ್ಟು ಕೋವಿಯ ಬಾಯಿ ತೆಗೆದ. ಏನೂ ಹೊರಗೆ ಬೀಳಲಿಲ್ಲ. ಒಳಗೆ ಇಣುಕಿದ, ಖಾಲಿ. ತುಂಬಿದ್ದು ಕೆಳಗೆ ಬಿದ್ದಿರಬೇಕೆಂದು ಒಂದು ಸಲ ಹುಲ್ಲು ನೋಡಿ, ನಗುವವರ ಬಾಯಿ ಮುಚ್ಚಿಸುವ ಆತುರದಲ್ಲಿ ಜೇಬಿನಿಂದ ತನ್ನದೇ ಒಂದು ತೋಟೆ ತೆಗೆದು ತುರುಕಿದ. ತುಂಬಿದ ತೋಟೆ ಎಲ್ಲಿ ಹೋಯಿತು? ಹನ್ನೆರಡರ ನಳಿಗೆಯಲ್ಲಿ ಖಾಲಿ ಕಾಣುವ ಹಾಗೆ ಮಾಯವಾಗುವ ತೋಟೆ ಲೋಕದಲ್ಲಿ ಒಂದೇ. ಸಣ್ಣದಾದ್ದರಿಂದ ಜಾರಿ ಮುಂದೆ ಹೋಗಿ ಸಿಕ್ಕಿಕೊಂಡು ಕೂರುತ್ತದೆ, ಅದರ ಹಿಂದೆ ಇನ್ನೊಂದು ಹಾಕಿ ಹೊಡೆದರೆ ನಳಿಗೆ ಸಿಡಿದು ಹೊಡೆದವನ ಎಡಗೈ ಹೋಗುತ್ತದೆ, ಕೆಲವು ಸಲ ಮುಖವೂ. ಹಳದಿ ಯಾರ ಹತ್ತಿರ ಇದೆ? ಟೋಪಿಯಲ್ಲಿ ಹಳದಿ ಇದ್ದಿದ್ದರೆ ಟೋಪಿ ಹಿಡಿದು ಬಂದವನಿಗೆ ಕಾಣುತ್ತಿರಲಿಲ್ಲವೇ? ಹಾಗೆಂದುಕೊಳ್ಳುವಷ್ಟರಲ್ಲಿ ಅವಳಿಗೆ ಕೆಂಪು ಬೆರಳುಗಳು ನೆನಪಾದವು.

ಅವಳು ಕೂಗಿದ್ದು ನಗುವಿನಲ್ಲಿ ಮುಳುಗಿತು. ರುಸ್ಕೋನ ಕೋವಿ ಇನ್ನೂ ಬಾಯಿ ಬಿಟ್ಟೇ ಇತ್ತು. ಪಕ್ಕದ ಅಟ್ಟಿಯಿಂದ ಒಂದು ಮಣ್ಣಿನ ತಟ್ಟೆ ತೆಗೆದು ಪೆನಾ ಬೀಸಿ ಎಸೆದಳು. ಇಪ್ಪತ್ತೊಂಬತ್ತು ವರ್ಷ ನೋಡಿದ ಬೆನ್ನು, ಗುರಿ ಹೇಗೆ ತಪ್ಪೀತು? ಎರಡು ಹೆಗಲೆಲುಬಿನ ನಡುವೆ ತಾಗಿ ಪುಡಿಯಾಯಿತು. ಆ ದಿನ ಮೈದಾನದಲ್ಲಿ ಒಡೆದ ಮೊದಲ ತಟ್ಟೆ ಅದು.

ರುಸ್ಕೋ ಬೈಯಲು ತಿರುಗುವಷ್ಟರಲ್ಲಿ ಅವಳು ಬಂದು ಕೋವಿಯನ್ನು ಕಿತ್ತುಕೊಂಡಾಗಿತ್ತು. ಹಿಂದಿನ ತೋಟೆ ತೆಗೆದು ಮೇಜಿನ ಮೇಲಿಟ್ಟಳು. ನಳಿಗೆ ಒರೆಸುವ ಸಲಾಕೆಯನ್ನು ಮೂತಿಯಿಂದ ಮೆಲ್ಲನೆ ಇಳಿಸಿ ನೂಕಿದಳು. ಟಪ್ಪೆಂದು ಇನ್ನೊಂದು ಕೆಂಪು ತೋಟೆ ಹೊರಗೆ ಬಿತ್ತು, ಪಕ್ಕದ್ದಕ್ಕಿಂತ ತೆಳ್ಳಗೆ. ಪೆನಾ ಉಗುರಿನಿಂದ ಒಂದು ಗೆರೆ ಎಳೆದಳು. ಹಳದಿ ಕಂಡಿತು.

ನಗು ಎಲ್ಲಿತ್ತೋ ಅಲ್ಲೇ ನಿಂತಿತು. ರುಸ್ಕೋ ತನ್ನ ಎಡಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡ.

"ಯಾರದಿದು?" ಎಂದ.

ಗಂಡಸರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು. ಪೆನಾ ಕಾದಳು. ಅವನೇ ಹೇಳಲಿ ಎಂದು ಕಾದಳು. ಪೇರುಮರ ಹೋಗಲಿ, ಸೌಟು ಬರಲಿ, ಇದೊಂದನ್ನು ಅವನ ಬಾಯಿಂದ ಹೇಳಿಬಿಟ್ಟರೆ ಮನೆಗೆ ಹೋಗಿ ಬೈದು ಮರೆತುಬಿಡಬಹುದು ಎಂದುಕೊಂಡಳು. ಹತ್ತು ಎಣಿಸಿದಳು. ಇನ್ನೂ ಹತ್ತು ಎಣಿಸಿದಳು. ಕಾಲ್ಚೋ ಬಲಗೈಯನ್ನು ಕೋಟಿನ ಜೇಬಿನಲ್ಲಿ ಇಳಿಸಿ, ಎಲ್ಲರಿಗಿಂತ ಹೆಚ್ಚು ಆಶ್ಚರ್ಯಪಟ್ಟವನ ಹಾಗೆ, ಯಾರಪ್ಪಾ ಇಂಥ ಕೆಲಸ ಮಾಡಿದ್ದು ಎಂದು ಪಕ್ಕದವನನ್ನು ಕೇಳಿದ.

"ಕಾಲ್ಚೋ," ಎಂದಳು ಪೆನಾ. "ಜೇಬಿಂದ ಕೈ ತೆಗಿ."

ಅವನು ತೆಗೆಯಲಿಲ್ಲ. ಅವಳು ಇನ್ನೊಂದು ಸಲ ಹೇಳಲೂ ಇಲ್ಲ. ಇಪ್ಪತ್ತೆರಡು ಜನ ಆ ಜೇಬನ್ನೇ ನೋಡುತ್ತ ನಿಂತರು. ಕೊನೆಗೆ ಕೈ ತಾನಾಗಿ ಹೊರಗೆ ಬಂತು. ಐದು ಬೆರಳೂ ಈಸ್ಟರಿನ ಮೊಟ್ಟೆಯ ಹಾಗೆ ಕೆಂಪಗಿದ್ದವು.

ಮನೆಗೆ ಬರುವ ದಾರಿಯಲ್ಲಿ ಈ ಸಲ ಸಿಳ್ಳೆ ಇರಲಿಲ್ಲ. ಅಂಗಳದಲ್ಲಿ ಮೆಣಸಿನಕಾಯಿಯ ಬುಟ್ಟಿಯ ಹತ್ತಿರ ನಿಂತು, ಬಿದ್ದರೂ ಮೀಸೆ ಮಣ್ಣಾಗದವರ ಜಾತಿಯಲ್ಲವೇ, ಕಾಲ್ಚೋ ತಿರುಗಿಬಿದ್ದ.

"ಎಲ್ಲಾ ನಿನ್ನಿಂದಾನೇ ಕಣೇ. ಹನ್ನೆರಡರದ್ದೇ ಕೊಡ್ಸಿದ್ರೆ ಇದೆಲ್ಲ ಆಗ್ತಿತ್ತಾ? ಆ ದರಿದ್ರ ಕೋವಿ ಆರ್ಸಿದ್ದು ನೀನು."

"ಕೋವಿ ನಾನು ಆರಿಸ್ದೆ," ಎಂದಳು ಪೆನಾ. "ಬಣ್ಣ ನೀನು ಆರಿಸ್ದೆ."

ಸಂಘದವರು ಸಭೆ ಸೇರಿದರು. ಇನ್ನೊಬ್ಬರ ಜೀವಕ್ಕೆ ಕುತ್ತು ತಂದವನಿಗೆ ಬಿಲ್ಲಿಲ್ಲ ಎಂದು ತೀರ್ಮಾನವಾಯಿತು. ಹತ್ತಕ್ಕೆ ಏಳು ಒಡೆಯಬಲ್ಲ ಕಾಲ್ಚೋನನ್ನು ಒಂದು ತಟ್ಟೆಗೂ ನಿಲ್ಲಿಸಲಿಲ್ಲ. ಸೌಟು ಬಂತು.

ರುಸ್ಕೋ ಬಂದದ್ದು ಅದಾದ ವಾರಕ್ಕೆ, ಒಂದು ಮಂಗಳವಾರ ಬೆಳಿಗ್ಗೆ, ಮೈದಾನ ಖಾಲಿ ಇರುವ ಹೊತ್ತು ನೋಡಿಕೊಂಡು. ನಮಸ್ಕಾರವನ್ನೂ ಹೇಳದೆ ಕೋಟು ತೆಗೆದು, ಬಲಗೈಯನ್ನು ಮೇಜಿನ ಮೇಲೆ ಚಾಚಿದ. ಅಂಗಿಯ ಕೊರಳ ಹತ್ತಿರ ಹೆಗಲು ಕಾಣುತ್ತಿತ್ತು. ಹೊಸ ಏಟಿನ ನೀಲಿಯ ಕೆಳಗೆ ಹೋದ ವಾರದ ಏಟಿನ ಹಳದಿ. ಪೆನಾ ಟೇಪು ತೆಗೆದು ಮೊಣಕೈಯಿಂದ ಬೆರಳಿನವರೆಗೆ ಅಳೆದು ಬರೆದುಕೊಂಡಳು.

"ಆ ಥರದ್ದೇ," ಎಂದ ರುಸ್ಕೋ, ಬೇರೆಲ್ಲೋ ನೋಡುತ್ತ, "ಕೆಂಪು ತೋಟೆದು ಸಿಗಲ್ವಾ ಪೆನಕ್ಕ?"

ಮೂರೂವರೆ ಕಿಲೋದ ಹನ್ನೆರಡರ ಕೋವಿ ಮ್ಲಾದೆನ್‌ನ ಅಂಗಡಿಯಲ್ಲಿ ಇನ್ನೂ ಹಾಗೇ ಇತ್ತು. ಈ ಎತ್ತು ಅದನ್ನು ಒಂದು ಕೈಯಲ್ಲಿ ಎತ್ತಬಲ್ಲ, ಅದೂ ಅಷ್ಟೇ ಮೃದು.

"ಸಿಗತ್ತೆ," ಎಂದಳು ಪೆನಾ ಟೇಪು ಸುತ್ತುತ್ತ. "ನಿನಗಲ್ಲ. ನೀನು ಹಳದಿದೇ ಹಿಡಿ. ತೋಟೆನ ಜೇಬಲ್ಲಿ ಇಟ್ಕೋಬೇಡ, ನಾನು ಪಟ್ಟಿ ಹೊಲ್ದು ಕೊಡ್ತೀನಿ, ಕೋಟಿನ ಮೇಲೆ ಕಟ್ಕೋ. ಎಲ್ರಿಗೂ ಕಾಣ್ಲಿ."

ಅವನು ಕೋಟು ತೊಟ್ಟುಕೊಂಡ. ಆಮೇಲೆ ಆಯಿತೆಂದು ತಲೆಯಾಡಿಸಿ ಹೋದ. ಅವನು ಹೋದ ಮೇಲೆ ಇನ್ನೊಬ್ಬ ಬಂದ, ಮಾರನೆಯ ಮಂಗಳವಾರ ಇಬ್ಬರು. ಎಲ್ಲರೂ ಬೇರೆ ಯಾರಿಗೂ ಹೇಳಬೇಡ ಎಂದೇ ಬಂದವರು. ಪೆನಾ ಎಲ್ಲರ ತೋಳನ್ನೂ ಅಳೆದಳು, ಎಲ್ಲರಿಗೂ ಪಟ್ಟಿ ಹೊಲಿದಳು, ಪಟ್ಟಿಗೆ ಇಟ್ಟ ಕಿಸೆಗಳನ್ನು ಇಪ್ಪತ್ತರ ತೋಟೆ ಮಾತ್ರ ಹಿಡಿಸುವಷ್ಟು ಕಿರಿದಾಗಿ ಇಟ್ಟಳು. ಪರೀಕ್ಷೆಯ ದಿನ ಅರ್ಧಕ್ಕೇ ನಿಂತಿದ್ದ ಪದ್ಧತಿಯನ್ನು ಅಕ್ಟೋಬರಿನಲ್ಲಿ ಬೇಟೆ ಶುರುವಾದ ದಿನ, ಟೋಪಿಯಲ್ಲಿ ಕೆಂಪು ಬೇರೆ ಹಳದಿ ಬೇರೆ ಎಂದು ಎರಡು ಪಾಲು ಮಾಡಿ ನಡೆಸಿದರು. ಕಾಡಿನ ಅಂಚಿನಲ್ಲಿ ಸಾಲು ನಿಂತ ಗಂಡಸರಲ್ಲಿ ಒಂಬತ್ತು ಜನರ ಎದೆಯ ಮೇಲೆ ಹಳದಿ ಇತ್ತು, ಎಲ್ಲರಿಗಿಂತ ಮುಂದಿನ ಎದೆ ಅಧ್ಯಕ್ಷನದು. ಮರಿಕೋಳಿಯ ಮಾತನ್ನು ಯಾರೂ ಎತ್ತಲಿಲ್ಲ. ಪೇರುಮರದ ಕೆಳಗೆ ಬೇರೆಯವನು ಹೋಗಿ ನಿಂತ, ಅವನದೂ ಹಳದಿಯೇ.

ಕಾಲ್ಚೋ ಹಂಡೆಯ ಹತ್ತಿರ ನಿಂತು ಅವರು ಗುಡ್ಡ ಹತ್ತುವುದನ್ನು ನೋಡಿದ. ಆ ಊರಿನಲ್ಲಿ ಎಲ್ಲರಿಗಿಂತ ಮೊದಲು ಹಳದಿ ತೋಟೆ ಕೊಂಡವನು ಅವನು. ಬಳಿಯದೆ ಹಾಗೇ ಎದುರಿಗೆ ಇಟ್ಟುಕೊಂಡಿದ್ದರೆ ಒಂದು ಬೆಳಿಗ್ಗೆ ನಗಿಸಿಕೊಳ್ಳುತ್ತಿದ್ದ, ಇಷ್ಟು ಹೊತ್ತಿಗೆ ಮರದ ಕೆಳಗೆ ಇರುತ್ತಿದ್ದ. ಅವನ ಬೆನ್ನು ನೋಡಿದರೆ ಅವನಿಗೆ ಅದು ಗೊತ್ತಾಗಿದೆ ಎಂದು ಹಿಂದೆ ನಿಂತ ಪೆನಾಳಿಗೆ ತಿಳಿಯುತ್ತಿತ್ತು.

ಮೇಲೆ ಎಲ್ಲೋ ನಾಯಿಗಳು ಬೊಗಳಿದವು. ಪೇರುಮರದ ಕಡೆಯಿಂದ ಒಂದೇ ಒಂದು ಈಡು ಕೇಳಿಸಿತು. ಕಾಲ್ಚೋ ಸೌಟಿನಲ್ಲಿ ಸ್ವಲ್ಪ ಸಾರು ಎತ್ತಿ ಅವಳ ಕಡೆ ಹಿಡಿದು, ಉಪ್ಪು ಸಾಕೇ ನೋಡು ಎಂದ.

ಪೆನಾ ರುಚಿ ನೋಡಿದಳು.

"ಸಾಕು," ಎಂದಳು. "ಇದೊಂದನ್ನಾದ್ರೂ ಕಣ್ಣು ಬಿಟ್ಕೊಂಡು ಹಾಕಿದೀಯ."